ಪ್ರಾಯೋಗಿಕ ಪತ್ರಿಕೆಯಲ್ಲಿ ಯಾವ ಕೆಲಸ ಯಾರದು?

ಮಲೆನಾಡಿನ ಅಂಚಿನ ಊರೊಂದರ ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುತ್ತಿರುವ ನಾನು 11 ವರ್ಷಗಳಿಂದ ಅಂತಿಮ ವರ್ಷದ ವಿದ್ಯಾರ್ಥಿಗಳು ಹೊರತರುವ ಪ್ರಾಯೋಗಿಕ ಪತ್ರಿಕೆಯನ್ನು ನೋಡಿಕೊಳ್ಳುತ್ತಿದ್ದೇನೆ. ತಿಂಗಳಿಗೊಂದು ಸಂಚಿಕೆ, ಟ್ಯಾಬ್ಲಾಯ್ಡ್ ಅಳತೆಯ 4 ಪುಟ, 500 ಪ್ರತಿ. ತರಗತಿಯಲ್ಲಿ ಒಂದು ವರ್ಷ 16 ಮಂದಿಯಿದ್ದರೆ ಮತ್ತೊಂದು ವರ್ಷ 22 ಮಂದಿ ಇರುತ್ತಾರೆ. ಅಷ್ಟು ಜನರಿಗೆ ಕೆಲಸ ಹಂಚುವುದು ಸುಲಭವೆಂದು ಮೊದಲ ವರ್ಷ ನನಗೆ ತೋರಿತ್ತು.

ಆ ವರ್ಷ ನಾನು ಹುದ್ದೆಗಳನ್ನು ಬಹುಮಾನದಂತೆ ಹಂಚಿದೆ. ಹೆಚ್ಚು ಅಂಕ ಪಡೆದವಳು ಸಂಪಾದಕಿಯಾದಳು, ಚೆನ್ನಾಗಿ ಮಾತನಾಡುವವನು ಕಾರ್ಯನಿರ್ವಾಹಕ ಸಂಪಾದಕನಾದ, ಬೇಸರಪಟ್ಟುಕೊಂಡ ಮೂವರಿಗೆ ಸಹ ಸಂಪಾದಕರೆಂಬ ಹೆಸರು ಸಿಕ್ಕಿತು. ಎರಡನೆಯ ಪುಟದ ಕೆಳಗಿನ ಚೌಕದಲ್ಲಿ ಹೆಸರುಗಳೇನೋ ಗಂಭೀರವಾಗಿ ಅಚ್ಚಾದವು. ಆದರೆ ಸಂಚಿಕೆ ಸಿದ್ಧವಾಗಬೇಕಾದ ರಾತ್ರಿ ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್ ಬಲ್ಲ ಒಬ್ಬನೇ ಹುಡುಗ ಲ್ಯಾಬಿನಲ್ಲಿ ಕುಳಿತು ಶೀರ್ಷಿಕೆ ಬರೆಯುತ್ತಿದ್ದ, ಕಾಗುಣಿತ ತಿದ್ದುತ್ತಿದ್ದ, ಜಾಗ ಸಾಲದಿದ್ದಾಗ ಸುದ್ದಿಯ ಕೊನೆಯ ಪ್ಯಾರಾ ಕತ್ತರಿಸುತ್ತಿದ್ದ. ಯಾವ ಹುದ್ದೆಯೂ ಇಲ್ಲದ ಅವನೇ ಆ ಸಂಚಿಕೆಯ ನಿಜವಾದ ಸಂಪಾದಕನಾಗಿದ್ದ. ಚೌಕದಲ್ಲಿ ಅವನ ಹೆಸರೇ ಇರಲಿಲ್ಲ.

ಮರುವರ್ಷದಿಂದ ನಾನು ಹುದ್ದೆಯ ಹೆಸರನ್ನು ಬದಿಗಿಟ್ಟು ಒಂದೊಂದು ಕೆಲಸಕ್ಕೂ ಒಂದೇ ಪ್ರಶ್ನೆ ಕೇಳತೊಡಗಿದೆ: ಇದು ತಪ್ಪಾಗಿ ಅಚ್ಚಾದರೆ ಬೆಳಿಗ್ಗೆ ಯಾರ ಮೊಬೈಲಿಗೆ ಕರೆ ಬರಬೇಕು? ಸಂಪಾದಕರ ವಿಷಯದಲ್ಲಿ ಈ ಪ್ರಶ್ನೆ ಹೊಸದೇನಲ್ಲ. ಪತ್ರಿಕೆಯ ಪ್ರತಿಯೊಂದು ಪ್ರತಿಯ ಮೇಲೂ ಸಂಪಾದಕರ ಹೆಸರು ಅಚ್ಚಾಗಿರಬೇಕೆಂದು 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ ಹೇಳುತ್ತಿತ್ತು. ಹಾಗೆ ಹೆಸರು ಹಾಕಿಕೊಂಡವರೇ ಆ ಸಂಚಿಕೆಯ ಬರಹಗಳಿಗೆ ಹೊಣೆಯೆಂದು, ಬೇರೆ ಸಾಕ್ಷ್ಯ ಬರುವವರೆಗೆ, ನ್ಯಾಯಾಲಯ ಭಾವಿಸಬಹುದಿತ್ತು. 2024ರ ಮಾರ್ಚ್ 1ರಿಂದ ಆ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆಯಾದರೂ ತರಗತಿಯಲ್ಲಿ ನಾನು ಹಳೆಯದನ್ನು ಓದಿಸುವುದನ್ನು ಬಿಟ್ಟಿಲ್ಲ, ಏಕೆಂದರೆ ಸಂಪಾದಕನೆಂಬ ಮಾತಿನಲ್ಲಿ ಮರ್ಯಾದೆಗಿಂತ ಹೊಣೆಯೇ ಹೆಚ್ಚೆಂಬುದು ಅದರಿಂದ ಬೇಗ ತಲೆಗೆ ಹತ್ತುತ್ತದೆ. ನಮ್ಮಲ್ಲಿ ಈಗ ವಿದ್ಯಾರ್ಥಿ ಸಂಪಾದಕರಾದವರು ತಮ್ಮ ಸಂಚಿಕೆಗೆ ವರದಿ ಬರೆಯುವಂತಿಲ್ಲ. ಸಂಪಾದಕೀಯ ಬರೆಯಬಹುದು, ಅಷ್ಟೇ. ತಾನು ಬರೆದದ್ದನ್ನು ತಾನೇ ಒಪ್ಪಿಕೊಳ್ಳುವ ಅಧಿಕಾರ ಯಾರಿಗೂ ಇರಬಾರದೆಂಬುದಷ್ಟೇ ಇದರ ಹಿಂದಿನ ಲೆಕ್ಕ.

ಸಂಪಾದಕರಿಗಿಂತ ನನಗೆ ಮುಖ್ಯವಾಗಿ ಕಾಣುವುದು ಸುದ್ದಿ ಸಂಪಾದಕರ ಜಾಗ. ಈ ಕೆಲಸಕ್ಕೆ ಯಾರೂ ಕೈಯೆತ್ತುವುದಿಲ್ಲ, ಏಕೆಂದರೆ ಇದರಲ್ಲಿ ಬೈಲೈನ್, ಅಂದರೆ ಬರಹದೊಂದಿಗೆ ಅಚ್ಚಾಗುವ ಹೆಸರು, ಇಲ್ಲ, ಫೋಟೊ ಇಲ್ಲ, ಇರುವುದು 200 ಪುಟದ ಒಂದು ನೋಟ್‌ಬುಕ್ ಮಾತ್ರ. ಯಾವ ಸುದ್ದಿ, ಯಾರು ತರುತ್ತಾರೆ, ಎಷ್ಟು ಪದ, ಯಾವ ಪುಟ, ಫೋಟೊ ಉಂಟೋ ಇಲ್ಲವೋ, ಕೊಟ್ಟ ಗಡುವು ಯಾವುದು, ಬಂದದ್ದು ಯಾವಾಗ ಎಂಬುದನ್ನೆಲ್ಲ ಅದರಲ್ಲಿ ಬರೆದಿಡಬೇಕು. ಪುರಸಭೆಯ ನೀರಿನ ಸಮಸ್ಯೆಯ ಬಗ್ಗೆ 400 ಪದ ತರುತ್ತೇನೆಂದವನು 150 ಪದ ತಂದರೆ ಖಾಲಿ ಉಳಿದ ಜಾಗಕ್ಕೆ ಏನು ಹಾಕುವುದೆಂಬ ಯೋಚನೆ ಅವರದು. ಅದಕ್ಕಾಗಿ ಜಾಗ ತುಂಬುವ ಎರಡು ಪುಟ್ಟ ಬರಹಗಳು, ಅಂದರೆ ಫಿಲ್ಲರ್‌ಗಳು, ಸದಾ ಕೈಯಲ್ಲಿರಬೇಕು. ಗೆಳೆಯರನ್ನು ಗಡುವಿನ ಹೆಸರಿನಲ್ಲಿ ಪೀಡಿಸಬಲ್ಲ, ಪೀಡಿಸಿದ ಮೇಲೂ ಅವರೊಂದಿಗೆ ಕ್ಯಾಂಟೀನಿನಲ್ಲಿ ಚಹಾ ಕುಡಿಯಬಲ್ಲ ಸ್ವಭಾವದವರನ್ನೇ ನಾನು ಇಲ್ಲಿಗೆ ಹುಡುಕುತ್ತೇನೆ. ಅಂಕಪಟ್ಟಿಯಲ್ಲಿ ಅಂಥವರು ಸಾಮಾನ್ಯವಾಗಿ ನಡುವೆ ಎಲ್ಲೋ ಇರುತ್ತಾರೆ.

ವರದಿಗಾರರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕಾಲೇಜು, ಪರೀಕ್ಷೆ, ಪುರಸಭೆ, ಬಸ್ ನಿಲ್ದಾಣ, ಕ್ರೀಡೆ ಎಂದು ಬೀಟ್‌ಗಳನ್ನು, ಅಂದರೆ ಒಬ್ಬೊಬ್ಬರು ಸುದ್ದಿ ತರಬೇಕಾದ ಕ್ಷೇತ್ರಗಳನ್ನು, ಹಂಚಿ, ಎರಡು ಸಂಚಿಕೆಗೊಮ್ಮೆ ಬದಲಿಸುತ್ತೇವೆ. ಸುದ್ದಿಯ ಜೊತೆಗೆ ಅದರಲ್ಲಿ ಬರುವ ಪ್ರತಿ ಹೆಸರಿನ ಕಾಗುಣಿತವನ್ನು ಆ ವ್ಯಕ್ತಿಯಿಂದಲೇ ಕೇಳಿ ಬರೆದುಕೊಂಡ ಚೀಟಿಯನ್ನೂ ಕೊಡಬೇಕು. ಸುದ್ದಿಯಿದ್ದು ಚೀಟಿಯಿಲ್ಲದಿದ್ದರೆ ಬಂದ ಸುದ್ದಿಯನ್ನು ತಿದ್ದಿ ಅಣಿಗೊಳಿಸುವ ಡೆಸ್ಕ್ ಅದನ್ನು ತೆಗೆದುಕೊಳ್ಳುವುದಿಲ್ಲ.

ಡೆಸ್ಕಿನಲ್ಲಿ ನಾಲ್ವರು ಉಪಸಂಪಾದಕರು. ಇವರಲ್ಲಿ ಒಬ್ಬರಿಗೆ ನಾವೇ ಕಟ್ಟಿಕೊಂಡ ಒಂದು ಕೆಲಸವುಂಟು. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ನಮ್ಮ ಹಳೆಯ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು, ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ರೂಪಗಳನ್ನಿಟ್ಟ ನುಡಿ ಫಾಂಟೇ ಬೇಕು. ಪರಿವರ್ತನೆ ಮಾಡುವಾಗ ನಡುವೆ ಇಂಗ್ಲಿಷ್ ಅಕ್ಷರಗಳಿದ್ದ ಕಡೆ ಅರ್ಥವಿಲ್ಲದ ಕನ್ನಡ ಅಕ್ಷರಗಳು ಕಾಣಿಸಿಕೊಳ್ಳುತ್ತವೆ, ಅರ್ಕಾವೊತ್ತು ಒಮ್ಮೊಮ್ಮೆ ಸ್ಥಾನ ತಪ್ಪುತ್ತದೆ. ಇದು ಭಾಷೆಯ ತಪ್ಪಲ್ಲದ್ದರಿಂದ ವರದಿಗಾರರು ನೋಡುವುದಿಲ್ಲ, ವಿನ್ಯಾಸದ ತಪ್ಪಲ್ಲದ್ದರಿಂದ ಪುಟ ಕಟ್ಟುವವರೂ ನೋಡುವುದಿಲ್ಲ. ಹಾಗಾಗಿ ಪರಿವರ್ತನೆಯಾದ ಪ್ರತಿಯನ್ನು ಮೂಲದೊಂದಿಗೆ ಸಾಲು ಸಾಲಾಗಿ ಹೋಲಿಸಲೆಂದೇ ಒಬ್ಬರನ್ನು ಕೂರಿಸಿದ್ದೇವೆ.

ಪುಟ ವಿನ್ಯಾಸದ ಗಡಿಯನ್ನು ಗೊತ್ತುಮಾಡಿಕೊಳ್ಳಲು ನಮಗೆ ಮೂರು ವರ್ಷ ಹಿಡಿಯಿತು. ಒಮ್ಮೆ ಕಾಲೇಜಿನ ಕಾರ್ಯಕ್ರಮವೊಂದರ ಫೋಟೊದಲ್ಲಿ ಅತಿಥಿಯ ಮುಖ ಪುಟದ ಹೊರಕ್ಕೆ ತಿರುಗಿದಂತಿತ್ತು. ಮುಖ ಸುದ್ದಿಯ ಕಡೆಗಿದ್ದರೆ ಚೆಂದವೆಂದು ವಿನ್ಯಾಸಕಾರ ಚಿತ್ರವನ್ನೇ ಕನ್ನಡಿಯಂತೆ ತಿರುಗಿಸಿಬಿಟ್ಟ. ‘ಎಡದಿಂದ ಬಲಕ್ಕೆ’ ಎಂದು ಮೊದಲೇ ಬರೆದಿದ್ದ ಅಡಿಬರಹ ಹಾಗೆಯೇ ಉಳಿದು, ಪ್ರಾಚಾರ್ಯರ ಹೆಸರು ವಿದ್ಯಾರ್ಥಿನಿಯ ಕೆಳಗೆ ಬಂತು. ಅದು ನಮ್ಮ ಗಮನಕ್ಕೆ ಬರುವ ಮೊದಲೇ ತಪ್ಪು ಹಿಡಿದವರು ನಮ್ಮ ಗ್ರಂಥಾಲಯದ ಸಹಾಯಕಿ. “ಮೇಡಂ, ಇವರೆಲ್ಲ ಬಲಗಡೆ ಸೆರಗು ಹಾಕ್ಕೊಂಡಿದ್ದಾರಲ್ಲ, ಕೊಡಗಿನವರಾ?” ಎಂದು ಅವರು ಕೇಳಿದಾಗಲೇ ಚಿತ್ರ ಮಗುಚಿದ್ದು ನನಗೆ ಹೊಳೆದದ್ದು. ಅಂದಿನಿಂದ ವಿನ್ಯಾಸಕಾರರು ಚಿತ್ರವನ್ನು ಕತ್ತರಿಸಬಹುದು, ತಿರುಗಿಸುವಂತಿಲ್ಲ. ಅಡಿಬರಹವನ್ನು ಫೋಟೊ ತೆಗೆದವರೇ ಸ್ಥಳದಲ್ಲಿ ಬರೆದುಕೊಳ್ಳಬೇಕು. ಜಾಗ ಸಾಲದಿದ್ದರೆ ಎಷ್ಟು ಸಾಲು ಕಡಿಮೆಯಾಗಬೇಕೆಂದು ವಿನ್ಯಾಸಕಾರರು ಹೇಳುತ್ತಾರೆ, ಯಾವ ಸಾಲೆಂದು ಡೆಸ್ಕ್ ಹೇಳುತ್ತದೆ.

ಗಡುವನ್ನೂ ಕಾಗದವೇ ತೀರ್ಮಾನಿಸುತ್ತದೆ. 4 ಪುಟವೆಂದರೆ ಮಧ್ಯದಲ್ಲಿ ಮಡಚಿದ ಒಂದೇ ದೊಡ್ಡ ಹಾಳೆ. ಅದರ ಒಂದು ಮೈಯಲ್ಲಿ 1 ಮತ್ತು 4ನೆಯ ಪುಟ, ಇನ್ನೊಂದು ಮೈಯಲ್ಲಿ 2 ಮತ್ತು 3. ಕ್ರೀಡಾಪುಟ ಕೊನೆಯದಲ್ಲವೇ, ನಿಧಾನವಾಗಿ ಕೊಡೋಣ ಎಂದುಕೊಳ್ಳುವ 4ನೆಯ ಪುಟದವರಿಗೆ ತಾವು ಮುಖಪುಟವನ್ನೇ ತಡೆದಿದ್ದೇವೆಂಬುದು ಈ ಹಾಳೆಯನ್ನು ಬಿಚ್ಚಿ ತೋರಿಸುವವರೆಗೆ ಅರ್ಥವಾಗುವುದಿಲ್ಲ. ಆದ್ದರಿಂದ 2 ಮತ್ತು 3ನೆಯ ಪುಟಗಳಿಗೆ ಬುಧವಾರ ಗಡುವು, 1 ಮತ್ತು 4ಕ್ಕೆ ಗುರುವಾರ. ಎರಡು ಜೋಡಿ ಪುಟಗಳಿಗೆ ಇಬ್ಬರು ಪುಟ ಉಸ್ತುವಾರಿಗಳು.

ಕರಡು ತಿದ್ದುವುದನ್ನು ಒಬ್ಬರಿಗೆ ವಹಿಸಿ ಕೈಸುಟ್ಟುಕೊಂಡ ಮೇಲೆ ಅದನ್ನು ಜೋಡಿ ಕೆಲಸವಾಗಿ ಮಾಡಿದೆವು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕರಡಿನ ಮೇಲೆ ಪೆನ್ಸಿಲ್ ಆಡಿಸುತ್ತಾರೆ. ಎರಡನೆಯ ಸುತ್ತಿನಲ್ಲಿ ಹೆಸರು ಮತ್ತು ಅಂಕಿಗಳು ಮಾತ್ರ. ಮೂರನೆಯ ಸುತ್ತಿನಲ್ಲಿ ಶೀರ್ಷಿಕೆ, ಅಡಿಬರಹ ಮತ್ತು ಪುಟದ ನೆತ್ತಿಯ ದಿನಾಂಕ. ಹಳೆಯ ಸಂಚಿಕೆಯ ಫೈಲನ್ನೇ ನಕಲು ಮಾಡಿಕೊಂಡು ಹೊಸ ಪುಟ ಕಟ್ಟುವುದರಿಂದ ಒಮ್ಮೆ ಒಳಪುಟಗಳಲ್ಲಿ ಸೆಪ್ಟೆಂಬರ್ ಉಳಿದು ಹೊರಪುಟಗಳಲ್ಲಿ ಅಕ್ಟೋಬರ್ ಅಚ್ಚಾಗಿತ್ತು. ದೊಡ್ಡ ಅಕ್ಷರಗಳಲ್ಲಿರುವ ತಪ್ಪನ್ನು ಕಣ್ಣು ಸಲೀಸಾಗಿ ದಾಟಿಹೋಗುತ್ತದೆಂಬುದು ವಿಚಿತ್ರವಾದರೂ ಪ್ರತಿ ವರ್ಷ ನೋಡುತ್ತಿರುವ ಸಂಗತಿ.

ಜಾಹೀರಾತಿಗೆ ಇಬ್ಬರು, ವಿತರಣೆಗೆ ಇಬ್ಬರು. ಬೇಕರಿ, ಜೆರಾಕ್ಸ್ ಅಂಗಡಿ, ಕಂಪ್ಯೂಟರ್ ತರಬೇತಿ ಕೇಂದ್ರಗಳಿಂದ ಬರುವ ಹಣ ಮುದ್ರಣದ ಅರ್ಧ ಖರ್ಚನ್ನೂ ತುಂಬುವುದಿಲ್ಲ. ಆದರೂ ಜಾಹೀರಾತು ತರುವವರು ಆ ತಿಂಗಳು ವರದಿ ಮಾಡುವಂತಿಲ್ಲವೆಂದು ಕಟ್ಟುಮಾಡಿದ್ದೇವೆ. ಊಟದ ಮೆಸ್ ಒಂದರ ಸ್ವಚ್ಛತೆಯ ಬಗ್ಗೆ ಬರೆಯಲು ಹೋದವನೇ ಅದೇ ಮೆಸ್ಸಿನ ಜಾಹೀರಾತನ್ನೂ ಹಿಡಿದುಕೊಂಡು ಬಂದಿದ್ದ. ಅವನಿಗೆ ಅದರಲ್ಲಿ ಏನೂ ಅಸಹಜವಾಗಿ ಕಂಡಿರಲಿಲ್ಲ. ಜಾಹೀರಾತನ್ನು ಹಿಂದಿರುಗಿಸಿ ವರದಿಯನ್ನು ಇನ್ನೊಬ್ಬಳಿಂದ ಮಾಡಿಸಿದೆವು.

ವರ್ಷದ ನಡುವೆ ಒಮ್ಮೆ ಎಲ್ಲ ಹುದ್ದೆಗಳನ್ನೂ ಬದಲಿಸುತ್ತೇವೆ. ಬಿಟ್ಟುಹೋಗುವವರು ಮುಂದಿನವರಿಗಾಗಿ ಒಂದು ರಿಜಿಸ್ಟರ್‌ನಲ್ಲಿ ಒಂದು ಪುಟ ಬರೆದಿಡಬೇಕು. ಅದು ಈಗ ದಪ್ಪವಾಗಿದೆ, ಪಠ್ಯಪುಸ್ತಕಕ್ಕಿಂತ ಹೆಚ್ಚು ಓದಿಸಿಕೊಳ್ಳುತ್ತದೆ. ಕಳೆದ ವರ್ಷದ ವಿನ್ಯಾಸಕಾರ್ತಿ ಬರೆದದ್ದು ಹೀಗಿದೆ: “ಪ್ರೆಸ್‌ಗೆ ಹೋಗುವಾಗ ಫೈಲಿನ ಜೊತೆ ಫಾಂಟ್‌ಗಳನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಪಿಡಿಎಫ್ ಕೂಡ ಇರಲಿ. ಅಲ್ಲಿನ ಕಂಪ್ಯೂಟರಿನಲ್ಲಿ ನಮ್ಮ ನುಡಿ ಇರಲಿಲ್ಲ, ಇಡೀ ಮುಖಪುಟ ಇಂಗ್ಲಿಷ್ ಅಕ್ಷರಗಳ ಕಾಡಾಗಿತ್ತು. ವಾಪಸ್ ಬರುವಷ್ಟರಲ್ಲಿ ಕೊನೆಯ ಬಸ್ ಹೋಗಿತ್ತು.”