ಸಾವಿನ ಮನೆಯಲ್ಲಿ ಕೀರ್ತನೆ ಓದಿಸುವುದು: ನನ್ನ ಅನುಭವ

ಸಾವಾದ ಮನೆಗೆ ಹೋಗುವಾಗ ನನ್ನ ಚೀಲದಲ್ಲಿ ದೊಡ್ಡಕ್ಷರದ ಸತ್ಯವೇದ (ಬೈಬಲ್), ನಲವತ್ತು ಪುಟದ ಒಂದು ನೋಟ್‌ಬುಕ್, ಎರಡು ಪೆನ್ನು ಇರುತ್ತವೆ. ಎರಡು ಯಾಕೆಂದರೆ ಒಂದು ಕೈಕೊಟ್ಟೇ ಕೊಡುತ್ತದೆ. ಹಾಡಿನ ಪುಸ್ತಕ ಒಯ್ಯುವುದಿಲ್ಲ. ಅದನ್ನು ತರುವವರು ಬೇಕಾದಷ್ಟು ಜನ ಇರುತ್ತಾರೆ.

ಮೊದಲ ವಾರ ಉಪದೇಶ ಬೇಡ. ಸತ್ಯವೇದದಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ (ಯೋಬ 2:13). ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರ ಕೋಪ ಉರಿದದ್ದು ಹುಟ್ಟಿದ ದಿನವನ್ನೇ ಶಪಿಸಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಹಾಕಿದ ಇವರ ಮೇಲೆ (42:7). ಹಾಗಾಗಿ ಭೇಟಿ ಇಪ್ಪತ್ತು ನಿಮಿಷ, ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಮೂರು ವಾಕ್ಯದ ಪ್ರಾರ್ಥನೆ. ಆ ಮೂರರಲ್ಲಿ ಒಂದರಲ್ಲಾದರೂ ತೀರಿಕೊಂಡವರ ಹೆಸರು ಬರಬೇಕು. ಆಸ್ಪತ್ರೆಯಲ್ಲಿ ‘ಬಾಡಿ’ ಎಂದು ಕೇಳಿ ಕೇಳಿ ಸಾಕಾಗಿರುತ್ತದೆ, ಮನೆಯಲ್ಲಾದರೂ ಹೆಸರು ಹಿಡಿದು ಕರೆಯಬೇಕು.

ಶುರುಮಾಡುವುದು 13ನೆಯ ಕೀರ್ತನೆಯಿಂದ. ಆರೇ ವಚನ, ನಿಧಾನವಾಗಿ ಓದಿದರೂ ಒಂದು ನಿಮಿಷ. ಮೊದಲ ಎರಡು ವಚನಗಳಲ್ಲಿ ‘ಇನ್ನೂ ಎಲ್ಲಿಯವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 3 ಮತ್ತು 4ರಲ್ಲಿ ಬೇಡಿಕೆ. ಭರವಸೆ ಬರುವುದು 5 ಮತ್ತು 6ರಲ್ಲಿ. ಓದುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಮೊದಲ ನಾಲ್ಕನ್ನು ಗಡಗಡ ಓದಿ, ಐದನೆಯದಕ್ಕೆ ಬಂದ ಕೂಡಲೇ ದನಿ ಏರಿಸುತ್ತಾರೆ. ಕೇಳುತ್ತಿರುವ ತಾಯಿ ಇನ್ನೂ ಮೊದಲ ‘ಎಲ್ಲಿಯವರೆಗೆ’ಯಲ್ಲೇ ನಿಂತಿರುತ್ತಾಳೆ. ನಾನು ಪ್ರತಿ ‘ಎಲ್ಲಿಯವರೆಗೆ’ ಆದ ಮೇಲೆ ಎರಡು ಉಸಿರಿನಷ್ಟು ಹೊತ್ತು ನಿಲ್ಲುತ್ತೇನೆ. ಯಾರಾದರೂ ಬಿಕ್ಕಿದರೆ ಅಲ್ಲಿಗೇ ಪುಸ್ತಕ ಮುಚ್ಚುತ್ತೇನೆ. ಉಳಿದ ವಚನ ಮರುದಿನಕ್ಕಿರಲಿ. ಕೀರ್ತನೆ ಮುಗಿಸಲೇಬೇಕೆಂಬ ನಿಯಮವೇನಿಲ್ಲ.

ನೋಟ್‌ಬುಕ್ ಕೊಡುವುದು ಎಂಟನೆಯ ದಿನ, ಶಾಮಿಯಾನ, ಕುರ್ಚಿ ಎಲ್ಲ ವಾಪಸ್ ಹೋದ ಮೇಲೆ. ಎಡಪುಟದಲ್ಲಿ ತಾರೀಖು ಹಾಕಿ ದೂರು ಬರೆಯಬೇಕು. ಎರಡು ಸಾಲು ಸಾಕು, ಆದರೆ ‘ಓ ದೇವರೇ’ ಎಂದೇ ಶುರುವಾಗಬೇಕು. ಗೊಣಗುವುದಕ್ಕೂ ಪ್ರಲಾಪಕ್ಕೂ ಇರುವ ವ್ಯತ್ಯಾಸ ಆ ವಿಳಾಸ ಒಂದೇ. ‘ದೇವರು ಹೀಗೆ ಮಾಡಿದ’ ಎಂದರೆ ದೇವರ ಬೆನ್ನ ಹಿಂದೆ ಆಡುವ ಮಾತು. ‘ನೀನು ಯಾಕೆ ಹೀಗೆ ಮಾಡಿದೆ’ ಎಂದರೆ ಅದು ಪ್ರಾರ್ಥನೆ, ಎಷ್ಟೇ ಕಹಿಯಾಗಿರಲಿ. ಬಲಪುಟ ಖಾಲಿ ಬಿಡಬೇಕು. ಅದು ಭರವಸೆಯ ಮಾತಿಗೆ ಮೀಸಲು, ತಾನಾಗಿ ಬಂದರೆ ಮಾತ್ರ. ಮೊದಲ ದಿನವೇ ಎರಡೂ ಪುಟ ತುಂಬಿಸುವವರು ಹೆಚ್ಚಾಗಿ ನಮ್ಮನ್ನು ಮೆಚ್ಚಿಸಲು ಬರೆಯುತ್ತಾರೆ, ಮೂರನೆಯ ವಾರಕ್ಕೆ ಪುಸ್ತಕ ಮೂಲೆ ಸೇರುತ್ತದೆ. ಬರೆಯಲು ಬಾರದವರಿಗೆ ಮೊಮ್ಮಕ್ಕಳು ಬರೆದುಕೊಡಬಹುದು, ಆದರೆ ತಿದ್ದಬಾರದು.

ಕೀರ್ತನೆಯನ್ನು ನೋವು ನೋಡಿ ಆರಿಸಬೇಕು. ನಿದ್ದೆ ಬಾರದವರಿಗೆ 77, ಬಹಳ ದಿನದಿಂದ ಮಲಗಿರುವವರಿಗೆ 102, ನಂಬಿದವರೇ ಮೋಸ ಮಾಡಿದ್ದರೆ 55, ಮುಪ್ಪಿನಲ್ಲಿ ಒಂಟಿಯಾದವರಿಗೆ 71. ವ್ಯಾಪಾರ ಮುಳುಗಿ, ವಂಚಿಸಿದವರು ಕಣ್ಣೆದುರೇ ಚೆನ್ನಾಗಿ ಬಾಳುತ್ತಿದ್ದರೆ 73. ಏನನ್ನೂ ಓದಲಾಗದವರಿಗೆ 131, ಮೂರೇ ವಚನ. 88ನೆಯದನ್ನು ಮಾತ್ರ ಎಲ್ಲರಿಗೂ ಕೊಡುವುದಿಲ್ಲ. ಹದಿನೆಂಟು ವಚನಗಳಲ್ಲಿ ಎಲ್ಲೂ ಮೋಡ ಸರಿಯುವುದಿಲ್ಲ, ಹೀಬ್ರೂ ಮೂಲದಲ್ಲಿ ಕೊನೆಯ ಪದವೇ ‘ಕತ್ತಲೆ’. ‘ಇನ್ನೂ ನಂಬಿಕೆ ಬಂದಿಲ್ಲ, ನಾನು ಬಿದ್ದುಹೋದೆ’ ಎನ್ನುವವರಿಗೆ ಅದನ್ನು ತೋರಿಸಿದರೆ, ‘ಇದೂ ಬೈಬಲ್ಲಿನಲ್ಲಿದೆಯಾ?’ ಎಂದು ಕೇಳುತ್ತಾರೆ. ಇದೆ, ಅದೂ ಆರಾಧನೆಯಲ್ಲಿ ಹಾಡಲೆಂದೇ.

ಹೇಳಬಾರದ ಮಾತುಗಳದ್ದೇ ಒಂದು ದೊಡ್ಡ ಪಟ್ಟಿಯಾದೀತು. ‘ದೇವರು ಒಳ್ಳೆಯ ಹೂವನ್ನೇ ಮೊದಲು ಕೀಳುತ್ತಾನೆ’ ಎಂಬುದು ಸತ್ಯವೇದದಲ್ಲಿ ಎಲ್ಲೂ ಇಲ್ಲ. ‘ತಾಳಲಾರದ ಕಷ್ಟ ಕೊಡುವುದಿಲ್ಲ’ ಎಂಬುದಕ್ಕೆ 1 ಕೊರಿಂಥ 10:13 ತೋರಿಸುತ್ತಾರೆ, ಆದರೆ ಅಲ್ಲಿ ಹಿಂದೆಮುಂದೆ ಇರುವುದು ಪಾಪಕ್ಕೆ ಎಳೆಯುವ ಶೋಧನೆಯ ಮಾತು. ಅದನ್ನು ಬರೆದ ಅಪೊಸ್ತಲ ಪೌಲನೇ 2 ಕೊರಿಂಥ 1:8ರಲ್ಲಿ ತನ್ನ ಬಲಕ್ಕೆ ಮೀರಿದ ಭಾರ ಬಂತು, ಬದುಕುವ ಆಸೆಯೇ ಹೋಯಿತು ಎನ್ನುತ್ತಾನೆ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳಿತಿಗಾಗಿಯೇ ಆಗುತ್ತದೆ ಎನ್ನುವ ರೋಮ 8:28 ನಿಜವೇ, ಆದರೆ ಮಣ್ಣು ಮಾಡಿ ಬಂದ ಸಂಜೆ ಹೇಳಿದರೆ ಕಪಾಳಕ್ಕೆ ಹೊಡೆದಂತೆ. 1 ಥೆಸಲೊನೀಕ 4:13 ಅಳಬೇಡಿ ಎನ್ನುವುದಿಲ್ಲ, ನಿರೀಕ್ಷೆಯಿಲ್ಲದವರ ಹಾಗೆ ಅಳಬೇಡಿ ಎನ್ನುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದು, ‘ನಿಮ್ಮ ನಂಬಿಕೆ ಸಾಲದ್ದಕ್ಕೆ ಗುಣವಾಗಲಿಲ್ಲ’ ಎಂಬುದು. ಪೌಲನೇ ಮೂರು ಸಲ ಬೇಡಿದರೂ ಅವನು ‘ಶರೀರದಲ್ಲಿನ ಮುಳ್ಳು’ ಎಂದು ಕರೆದ ಬಾಧೆ ಹೋಗಲಿಲ್ಲ.

ಇನ್ನು ತಾಳ್ಮೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಆ ಪದ ‘ಹ್ಯುಪೊಮೊನೆ’, ಬಿಡಿಸಿದರೆ ‘ಅಡಿಯಲ್ಲೇ ಉಳಿಯುವುದು’. ಹೊರೆ ಇಳಿದಿಲ್ಲ, ಹೊತ್ತವನು ಓಡಿಹೋಗಿಲ್ಲ, ಅಷ್ಟೇ ಅದರ ಅರ್ಥ. ನಗುಮುಖ ಇರಬೇಕೆಂದು ಎಲ್ಲೂ ಇಲ್ಲ.

ಹೊತ್ತುಕೊಳ್ಳಲು ಮೈಯೂ ಬೇಕಲ್ಲ. ಸಾಯಲು ಬಯಸಿದ ಪ್ರವಾದಿ ಎಲೀಯನಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ, ನೀರು (1 ಅರಸು 19). ಆದ್ದರಿಂದ ನೋಟ್‌ಬುಕ್ಕಿಗಿಂತ ಮೊದಲು ಕೇಳುವುದು, ಬೆಳಿಗ್ಗೆ ಏನು ತಿಂದಿರಿ, ಎಷ್ಟು ಹೊತ್ತು ಮಲಗಿದಿರಿ ಎಂದು. ಎರಡು ವಾರವಾದರೂ ಊಟ ಸೇರದಿದ್ದರೆ, ಅಥವಾ ‘ನಾನೂ ಹೋಗಿಬಿಡಬೇಕು’ ಎಂಬ ಮಾತು ಒಮ್ಮೆ ಬಂದರೂ, ಆ ಮನೆಯಲ್ಲಿ ಯಾರನ್ನಾದರೂ ಜೊತೆಗೆ ಕೂರಿಸಿ ವೈದ್ಯರ ಬಳಿ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ನೋಟ್‌ಬುಕ್ಕಿನ ರಕ್ಷಾಪುಟದ ಒಳಗೆ ಬರೆದೇ ಕೊಡುತ್ತೇನೆ. ಪ್ರಾರ್ಥನೆ ಇದೆ, ಡಾಕ್ಟರ್ ಯಾಕೆ ಎನ್ನುವವರ ಜೊತೆ ವಾದಕ್ಕಿಳಿಯುವುದಿಲ್ಲ, ಆಟೋ ಕರೆಯುತ್ತೇನೆ.

ಕಾಗದಪತ್ರವೂ ಸೇವೆಯೇ. ಮರಣವನ್ನು 21 ದಿನದೊಳಗೆ ನೋಂದಾಯಿಸದಿದ್ದರೆ ತಡದ ಶುಲ್ಕ, ಓಡಾಟ ಶುರು. ಪ್ರಮಾಣಪತ್ರವಿಲ್ಲದೆ ಬ್ಯಾಂಕು, ಪಿಂಚಣಿ, ವಿಮೆ ಯಾವುದೂ ಅಲುಗಾಡುವುದಿಲ್ಲ. ಹತ್ತು ಪ್ರತಿ ತೆಗೆಸಿಡುವುದು ಒಳ್ಳೆಯದು. ಚಳಿಯಲ್ಲಿರುವವನಿಗೆ ‘ಬೆಚ್ಚಗಿರು ಹೋಗು’ ಎಂದು ಬರೀ ಮಾತಲ್ಲಿ ಹೇಳುವವರನ್ನು ಯಾಕೋಬನ ಪತ್ರಿಕೆ (2:15-16) ಏನೆಂದು ಕೇಳಿದೆಯೋ ಓದಿಕೊಳ್ಳಬಹುದು.

ಜನ ಕಡಿಮೆಯಾಗುವುದು ಮೂರನೆಯ ವಾರ. ಅದಕ್ಕೇ ಮೂರನೆಯ ವಾರ, ಮೂರನೆಯ ತಿಂಗಳು, ಅವರ ಹುಟ್ಟುಹಬ್ಬ, ಮೊದಲ ಕ್ರಿಸ್‌ಮಸ್ ಎಂದು ನನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿರುತ್ತೇನೆ. ಹೋದಾಗ ನೋಟ್‌ಬುಕ್ ಓದುವುದಿಲ್ಲ. ಬಲಪುಟ ಯಾಕೆ ಖಾಲಿ ಎಂದೂ ಕೇಳುವುದಿಲ್ಲ. ಎಡಪುಟದಲ್ಲಿ ಇತ್ತೀಚಿನ ತಾರೀಖು ಇದೆಯೇ ಎಂದಷ್ಟೇ ವಿಚಾರಿಸುತ್ತೇನೆ. ಪುಟ ಮುಗಿದಿದ್ದರೆ ಚೀಲದಲ್ಲಿ ಇನ್ನೊಂದು ಇರುತ್ತದೆ.