ಬಂಪರಿಗೆ ತೂತು ಬೇಡವೇ? ಸ್ಪೋರ್ಟ್ಸ್ ಕಾರಿನ ಮುಂದಿನ ನಂಬರ್ ಪ್ಲೇಟ್ ಹೀಗೆ ಕೂರಿಸಿ

ಸ್ಪೋರ್ಟ್ಸ್ ಕಾರಿನ ಮೂತಿ ತಗ್ಗು, ಚೂಪು. ಮುಂದಿನ ನಂಬರ್ ಪ್ಲೇಟಿಗೆಂದು ಸಪಾಟಾದ ಜಾಗ ಎಷ್ಟೋ ಕಾರುಗಳಲ್ಲಿ ಇರುವುದೇ ಇಲ್ಲ. ಗ್ಯಾರೇಜಿಗೆ ಒಯ್ದರೆ ‘ಎರಡು ತೂತು ಹೊಡದ್ರ ಮುಗೀತ್ರಿ’ ಎನ್ನುತ್ತಾರೆ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ತೂತಿನ ಅಂಚಿನಿಂದ ಬಣ್ಣ ಏಳುತ್ತದೆ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಬಂಪರಿನ ಹಿಂದೆ ಸೆನ್ಸರಿನ ವೈರು, ರೇಡಿಯೇಟರ್, ಇಂಟರ್‌ಕೂಲರ್ ಇರಬಹುದು. ಡ್ರಿಲ್ ಎರಡು ಇಂಚು ಜಾಸ್ತಿ ಒಳಗೆ ಹೋದರೆ ಖರ್ಚು ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಹಾಗಾದರೆ ನಂಬರನ್ನೇ ಸ್ಟಿಕ್ಕರ್ ಮಾಡಿಸಿ ಅಂಟಿಸಿದರಾಯ್ತು ಅಲ್ವಾ? ಬೇರೆ ದೇಶದ ಫೋಟೊಗಳಲ್ಲಿ ಹಾಗೆ ಕಾಣುತ್ತದೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಕಾರಿಗೆ ಬ್ರಿಟನ್ನಿನಲ್ಲಿ ಬಾನೆಟ್ ಮೇಲೆಯೇ ನಂಬರ್ ಅಂಟಿಸುತ್ತಿದ್ದರು. ಆ ಮೂತಿಗೆ ಅದು ಒಪ್ಪುತ್ತಿತ್ತು ಕೂಡ. ನಮ್ಮಲ್ಲಿ ಅದು ನಡೆಯದು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳು ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಪ್ಲೇಟಿನೊಂದಿಗೇ ಬರಬೇಕು. ಅದಕ್ಕೂ ಹಿಂದಿನ ವಾಹನಗಳಿಗೆ ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಧಾರವಾಡದ ಕೆಎ 25, ಹುಬ್ಬಳ್ಳಿಯ ಕೆಎ 63, ಗದಗಿನ ಕೆಎ 26, ಹಾವೇರಿಯ ಕೆಎ 27, ಯಾವುದೇ ಇರಲಿ, ನಿಯಮ ಒಂದೇ: 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟು, ಉಬ್ಬಿದ ಅಕ್ಷರ, ಎಡಗಡೆ ನೀಲಿ ಬಣ್ಣದ ‘ಐಎನ್‌ಡಿ’, ಕ್ರೋಮಿಯಂ ಹೊಲೋಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ. ಕೂರಿಸುವುದು ಒಮ್ಮೆ ಹಾಕಿದರೆ ಮುರಿಯದೆ ಬಿಚ್ಚಲಾಗದ ಸ್ನ್ಯಾಪ್ ಲಾಕಿನಿಂದ. ಕದ್ದ ಕಾರಿಗೆ ಬೇರೆ ನಂಬರ್ ಹಾಕಿ ಓಡಿಸುವುದನ್ನು ತಡೆಯಲೆಂದೇ ಇಷ್ಟೆಲ್ಲ ಏರ್ಪಾಟು. ಅಂದ ಕೆಡುತ್ತದೆ ಎಂದು ಅದನ್ನು ಬಿಟ್ಟು ಸ್ಟಿಕ್ಕರ್ ಹಚ್ಚುವುದನ್ನು ನಾನಂತೂ ಒಪ್ಪುವುದಿಲ್ಲ.

ಆದರೆ ದಾರಿ ಇದೆ. ನಂಬರನ್ನು ಅಂಟಿಸಬೇಡಿ, ನಂಬರ್ ಪ್ಲೇಟ್ ಹೊರುವ ಬ್ರಾಕೆಟನ್ನು ಅಂಟಿಸಿ. ಪ್ಲೇಟು ಬ್ರಾಕೆಟಿಗೆ ಸ್ನ್ಯಾಪ್ ಲಾಕಿನಿಂದ ಕೂರುತ್ತದೆ. ಬ್ರಾಕೆಟು ಬಂಪರಿಗೆ ಎರಡೂ ಬದಿ ಅಂಟಿರುವ ಅಕ್ರಿಲಿಕ್ ಫೋಮ್ ಟೇಪಿನಿಂದ ಹಿಡಿದುಕೊಳ್ಳುತ್ತದೆ. 3ಎಂ ಕಂಪನಿಯ ವಿಎಚ್‌ಬಿ ಎಂದು ಕೇಳಿದರೆ ದೊಡ್ಡ ಹಾರ್ಡ್‌ವೇರ್ ಅಂಗಡಿಯವರಿಗೆ ಗೊತ್ತಾಗುತ್ತದೆ. ಸ್ಟೇಷನರಿ ಅಂಗಡಿಯ ಬಿಳಿ ಸ್ಪಂಜಿನ ಟೇಪು ಈ ಕೆಲಸಕ್ಕೆ ಬಾರದು.

ಮೊದಲು ನೋಡಬೇಕಾದ್ದು

ಕಾರಿನ ಕಂಪನಿಯದೇ ಬ್ರಾಕೆಟ್ ಸಿಗುತ್ತದೆಯೇ, ಬಂಪರಿನಲ್ಲಿ ಅದಕ್ಕೆ ಮೊದಲೇ ತೂತು ಇದೆಯೇ ಎಂದು ನೋಡಿ. ಇದ್ದರೆ ಅದನ್ನೇ ಬಳಸಿ, ಅಂಟಿನ ಗೊಡವೆಯೇ ಬೇಡ. ಇಲ್ಲದಿದ್ದರೆ ಜಾಗ ಹುಡುಕಿ. ಪ್ಲೇಟು ಗಾಳಿ ಒಳಹೋಗುವ ಜಾಲರಿಯನ್ನು ಮುಚ್ಚಬಾರದು. ಗದಗಿನ ಏಪ್ರಿಲ್ ಬಿಸಿಲಲ್ಲಿ ಎಂಜಿನ್ನಿಗೆ ಆ ಗಾಳಿ ಬೇಕೇ ಬೇಕು. ಪಾರ್ಕಿಂಗ್ ಸೆನ್ಸರ್, ಕ್ಯಾಮೆರಾ, ರೇಡಾರ್ ಇದ್ದರೆ ಅವುಗಳ ಮುಂದೆಯೂ ಬರಬಾರದು. ತೀರಾ ಕೆಳಗೆ ಕೂರಿಸಿದರೆ ನಮ್ಮೂರ ಸ್ಪೀಡ್ ಬ್ರೇಕರ್‌ಗಳೇ ಅದನ್ನು ಕಿತ್ತು ಹಾಕುತ್ತವೆ.

ಕಾರಿನ ಪ್ಲೇಟು ಎರಡು ಅಳತೆಯಲ್ಲಿ ಬರುತ್ತದೆ: 500×120 ಮಿ.ಮೀ. ಮತ್ತು 340×200 ಮಿ.ಮೀ. ಮೂತಿ ಹೆಚ್ಚು ಬಾಗಿದ್ದರೆ ಅಗಲ ಕಡಿಮೆ ಇರುವ ಎರಡನೆಯದು ಚೆನ್ನಾಗಿ ಕೂರಬಹುದು. ಪ್ಲೇಟ್ ಬುಕ್ ಮಾಡುವ ಮೊದಲೇ ಇದನ್ನು ಡೀಲರ್ ಹತ್ತಿರ ಕೇಳಿಕೊಳ್ಳಿ. ರಟ್ಟನ್ನು ಅದೇ ಅಳತೆಗೆ ಕತ್ತರಿಸಿ, ಬಂಪರಿಗೆ ಹಿಡಿದು ನೋಡಿದರೆ ಗೊಂದಲ ಉಳಿಯುವುದಿಲ್ಲ.

ಬ್ರಾಕೆಟ್

ಬಾಗಿದ ಬಂಪರಿಗೆ ನೆಟ್ಟಗಿನ ಹಲಗೆ ಅಂಟಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಒತ್ತಿ ಬಗ್ಗಿಸಿ ಅಂಟಿಸಿದ ಪಟ್ಟಿ ಹಗಲೂ ರಾತ್ರಿ ನೆಟ್ಟಗಾಗಲು ಎಳೆಯುತ್ತಲೇ ಇರುತ್ತದೆ. ತುದಿಗಳು ನಿಧಾನವಾಗಿ ಏಳುತ್ತವೆ. ಎಷ್ಟು ಒಳ್ಳೆಯ ಟೇಪಾದರೂ ನಿರಂತರ ಎಳೆತಕ್ಕೆ ಸೋಲುತ್ತದೆ. ಆದ್ದರಿಂದ ಬ್ರಾಕೆಟಿನ ಹಿಂಬದಿ ಬಂಪರಿನ ಬಾಗಿಗೆ ಹೊಂದಬೇಕು, ಮುಂಬದಿ ಸಪಾಟಾಗಿರಬೇಕು. ಹುಬ್ಬಳ್ಳಿಯಲ್ಲಿ ಇದು ಕಷ್ಟವಲ್ಲ. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಕಡೆ ಫ್ಯಾಬ್ರಿಕೇಷನ್ ಮಾಡುವವರಿಗೆ ರಟ್ಟಿನ ಅಚ್ಚು ಕೊಟ್ಟರೆ ತೆಳು ಅಲ್ಯೂಮಿನಿಯಂ ಪಟ್ಟಿಗೆ, ಬಂಪರಿಗೆ ಅಂಟುವ ಗಿಡ್ಡ ಕಾಲುಗಳನ್ನು ಕೂರಿಸಿ ಕೊಡುತ್ತಾರೆ. ಪ್ಲೇಟನ್ನು ಮಾತ್ರ ಬಗ್ಗಿಸಬೇಡಿ. ಮೇಲಿನ ಹೊಳೆಯುವ ಪದರ ಸುಕ್ಕಾಗುತ್ತದೆ, ರಾತ್ರಿ ನಂಬರ್ ಸರಿಯಾಗಿ ಓದಲು ಬರುವುದಿಲ್ಲ.

ಕಾಲುಗಳು ಬೇಕು ಎನ್ನಲು ಇನ್ನೊಂದು ಕಾರಣ ಇದೆ. ಟೇಪಿನ ದಪ್ಪ 1 ಮಿ.ಮೀ. ಆಸುಪಾಸು ಇರುತ್ತದೆ. ಸ್ನ್ಯಾಪ್ ಲಾಕಿನ ಹಿಂಭಾಗ ಅದಕ್ಕಿಂತ ಜಾಸ್ತಿ ಚಾಚಿಕೊಳ್ಳುತ್ತದೆ. ಲಾಕಿಗೆ ಜಾಗ ಬಿಡದಿದ್ದರೆ ಅದು ಬಂಪರಿಗೆ ತಾಗಿ ಬಣ್ಣ ಕೆರೆಯುತ್ತದೆ, ಬ್ರಾಕೆಟನ್ನೂ ಹೊರಗೆ ತಳ್ಳುತ್ತದೆ. ಲಾಕ್ ಹಾಕುವುದು ನಿಮ್ಮ ಕೆಲಸವಲ್ಲ, ಡೀಲರ್ ಕಡೆಯ ಫಿಟ್ಟರ್ ಕೆಲಸ. ಮೊದಲೇ ಹೋಗಿ ಬ್ರಾಕೆಟ್ ತೋರಿಸಿ, ಅವರು ಒಪ್ಪುತ್ತಾರೆಯೇ ಎಂದು ಕೇಳಿ. ಯಾವ ಲಾಕ್ ಬಳಸುತ್ತಾರೆ ಎಂಬುದನ್ನೂ ನೋಡಿಕೊಳ್ಳಿ. ಹಿಂದಿನಿಂದ ಕೈ ಹಾಕಬೇಕಾದ ಲಾಕ್ ಆದರೆ ಪ್ಲೇಟನ್ನು ಬ್ರಾಕೆಟಿಗೆ ಮೊದಲು ಲಾಕ್ ಮಾಡಿಸಿ, ಅವರ ಎದುರಿಗೇ ಬಂಪರಿಗೆ ಅಂಟಿಸಬೇಕಾಗುತ್ತದೆ.

ಒರೆಸುವುದೇ ಅರ್ಧ ಕೆಲಸ

ಅಂಟು ಬಿಟ್ಟಿತು ಎಂದು ದೂರುವವರಲ್ಲಿ ಹೆಚ್ಚಿನವರು ಇಲ್ಲಿ ಅವಸರ ಮಾಡಿರುತ್ತಾರೆ. ಬಂಪರಿನ ಮೇಲೆ ವ್ಯಾಕ್ಸ್, ಪಾಲಿಶ್, ಸೆರಾಮಿಕ್ ಕೋಟಿಂಗ್ ಇದ್ದರೆ ಟೇಪು ಬಣ್ಣವನ್ನು ಹಿಡಿಯುವುದಿಲ್ಲ, ಆ ಪದರವನ್ನು ಹಿಡಿಯುತ್ತದೆ. ಅಂಟಿಸುವಷ್ಟು ಜಾಗದಲ್ಲಿ ಅದನ್ನು ಡೀಟೇಲಿಂಗ್ ಮಾಡುವವರಿಂದ ತೆಗೆಸಿ. ಬಣ್ಣ ಕಾಯುವ ಪಾರದರ್ಶಕ ಪಿಪಿಎಫ್ ಹಾಳೆ ಹಾಕಿಸಿದ್ದರೆ ಟೇಪಿನ ಎಳೆತ ಹಾಳೆಯ ಮೇಲೆ ಬೀಳುತ್ತದೆ. ಮುಂದೆ ಬ್ರಾಕೆಟ್ ತೆಗೆಯುವಾಗ ಹಾಳೆಯೂ ಕಿತ್ತು ಬರಬಹುದು. ಬಣ್ಣ ಹಚ್ಚದ ಕಪ್ಪು ಪ್ಲಾಸ್ಟಿಕ್ ಭಾಗ ಸಾಮಾನ್ಯವಾಗಿ ಪಾಲಿಪ್ರಾಪಿಲೀನ್. ಪ್ರೈಮರ್ (ಅಂಟು ಹಿಡಿಯಲೆಂದು ಮೊದಲು ಹಚ್ಚುವ ದ್ರವ) ಇಲ್ಲದೆ ಅದಕ್ಕೆ ಸಾಮಾನ್ಯ ಟೇಪು ಗಟ್ಟಿಯಾಗಿ ಕೂರುವುದಿಲ್ಲ. ಬಂಪರಿಗೆ ಈಗಷ್ಟೇ ಹೊಸ ಬಣ್ಣ ಹೊಡೆಸಿದ್ದರೆ ಒಂದು ತಿಂಗಳು ಸುಮ್ನೆ ಬಿಡಿ. ಒಳಗಿನ ಆವಿ ಹೊರಗೆ ಹೋಗಬೇಕು.

ಎರೆ ಸೀಮೆಯ ಧೂಳು ಬಹಳ ಸಣ್ಣದು, ಒಣ ಬಟ್ಟೆಯಿಂದ ಒರೆಸಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಮೊದಲು ಶಾಂಪೂ ನೀರಿನಲ್ಲಿ ತೊಳೆದು ಒಣಗಿಸಿ. ನಂತರ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರನ್ನು ಸಮಸಮ ಬೆರೆಸಿ, ಶುದ್ಧ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ. ಬಟ್ಟೆ ಕೊಳೆಯಾದರೆ ಬದಲಿಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಪೆಟ್ರೋಲ್ ಎಣ್ಣೆಯ ಪಸೆ ಬಿಡುತ್ತದೆ. ಥಿನ್ನರ್ ಬಣ್ಣವನ್ನೇ ತಿನ್ನುತ್ತದೆ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ. ಬ್ರಾಕೆಟಿನ ಹಿಂಬದಿಗೂ ಇದೇ ಉಪಚಾರ.

ಅಂಟಿಸುವುದು

21ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಈ ಟೇಪು ಚೆನ್ನಾಗಿ ಹಿಡಿಯುತ್ತದೆ. ಧಾರವಾಡದ ಡಿಸೆಂಬರ್ ಬೆಳಗು ಅದಕ್ಕೆ ತಂಪು. ಮೇ ತಿಂಗಳ ನಡುಹಗಲಲ್ಲಿ ಹೊರಗೆ ನಿಂತ ಕಾರಿನ ಬಂಪರ್ ಮುಟ್ಟಲಾಗದಷ್ಟು ಸುಡುತ್ತದೆ. ನೆರಳಿನಲ್ಲಿ, ಬೆಳಗಿನ ಹತ್ತರ ಸುಮಾರಿಗೆ ಮಾಡಿದರೆ ಒಳ್ಳೆಯದು. ಜಿಟಿಜಿಟಿ ಮಳೆಯ ದಿನ ಬೇಡ.

ನಡುಗೆರೆಯನ್ನು ಪೇಂಟರುಗಳ ಮಾಸ್ಕಿಂಗ್ ಟೇಪಿನಲ್ಲಿ ಗುರುತಿಸಿ. ಎಡಬಲ ಅಳೆಯಿರಿ. ಈ ಟೇಪು ಒಮ್ಮೆ ತಾಗಿದರೆ ಸರಿಸಲು ಬರುವುದಿಲ್ಲ, ಕಿತ್ತರೆ ಮತ್ತೆ ಬಳಸಲೂ ಬರುವುದಿಲ್ಲ. ಫೋಮ್ ಟೇಪಿನ ರಕ್ಷಣಾ ಕಾಗದದ ತುದಿಯನ್ನಷ್ಟೇ ಮಡಚಿ ಹೊರಗೆ ಬಿಟ್ಟು, ಬ್ರಾಕೆಟನ್ನು ಗುರುತಿಗೆ ಇಟ್ಟು, ಒಂದು ಬದಿಯಿಂದ ಕಾಗದ ಎಳೆಯುತ್ತ ಒತ್ತುತ್ತ ಹೋಗಿ. ಕೊನೆಗೆ ಪ್ರತಿ ಕಾಲಿನ ಮೇಲೂ ಅಂಗೈಯಿಂದ ಜೋರಾಗಿ ಒತ್ತಿ. ಒತ್ತಿದಷ್ಟೂ ಅಂಟು ಬಣ್ಣದ ಮೇಲ್ಮೈಯ ಸಣ್ಣಸಣ್ಣ ಏರಿಳಿತಗಳಿಗೆ ಇಳಿಯುತ್ತದೆ.

ಎಷ್ಟು ಟೇಪು ಬೇಕು? ಪ್ಲೇಟಿನ ತೂಕ ಲೆಕ್ಕ ಹಾಕಿದರೆ 160 ಗ್ರಾಂ ಆಸುಪಾಸು. ಬ್ರಾಕೆಟ್ ಸೇರಿ ಅರ್ಧ ಕಿಲೊ ಎಂದುಕೊಳ್ಳಿ. ಕಿಲೊಗೆ 55 ಚದರ ಸೆಂ.ಮೀ. ಟೇಪು ಎಂಬುದು ರೂಢಿಯ ಲೆಕ್ಕ, ಅಂದರೆ 28 ಚದರ ಸೆಂ.ಮೀ. ಸಾಕು. ಆದರೆ ಇದು ಸುಮ್ಮನೆ ತೂಗುವ ಭಾರದ ಲೆಕ್ಕ. ಹಾವೇರಿ ಕಡೆಗಿನ ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿ ಪ್ಲೇಟಿನ ಮೇಲೆ ಮೂರು ಕಿಲೊ ಭಾರದಷ್ಟು ಒತ್ತುತ್ತದೆ. ಮುಂದಿನಿಂದ ಒತ್ತಿದರೆ ಚಿಂತೆ ಇಲ್ಲ, ಅದು ಬಂಪರಿನ ಕಡೆಗೇ ತಳ್ಳುತ್ತದೆ. ಅಂಚಿನಿಂದ ಹಿಂದೆ ನುಗ್ಗಿದ ಗಾಳಿ, ತಗ್ಗುಗಳ ಕುಲುಕು ಟೇಪನ್ನು ಸಿಪ್ಪೆಯಂತೆ ಸುಲಿಯಲು ನೋಡುತ್ತವೆ. ಅದಕ್ಕೇ ಲೆಕ್ಕದ ಮೂರು ಪಟ್ಟು ಟೇಪು ಹಾಕಿ, ನಾಲ್ಕು ತುದಿಗಳಲ್ಲಿ ಕಾಲುಗಳು ಇರುವಂತೆ ನೋಡಿಕೊಳ್ಳಿ.

ಇನ್ನು ಕಾಯುವುದು. ಇಪ್ಪತ್ತು ನಿಮಿಷಕ್ಕೆ ಅಂಟಿನ ಬಲ ಅರ್ಧ ಬರುತ್ತದೆ, 24 ಗಂಟೆಗೆ ಶೇ 90, ಪೂರ್ತಿ ಬರಲು 72 ಗಂಟೆ. ಮೊದಲ ದಿನ ಮನೆಗೆ ನಿಧಾನ ಓಡಿಸಿಕೊಂಡು ಹೋಗಿ, ಮೂರು ದಿನ ತೊಳೆಯಬೇಡಿ. ಮುಂದೆಯೂ ಪ್ರೆಷರ್ ವಾಷರಿನ ಕೊಳವೆಯನ್ನು ಪ್ಲೇಟಿನ ಅಂಚಿಗೆ ಹತ್ತಿರ ಹಿಡಿಯಬಾರದೆಂದು ತೊಳೆಯುವ ಹುಡುಗರಿಗೆ ಹೇಳಿ.

ಅಂಟಿಸಲೆಂದೇ ಕಾನೂನು ಕೊಟ್ಟ ನಂಬರೊಂದು ಇದೆ. ಅದು ಮುಂದಿನ ಗಾಜಿಗೆ ಒಳಗಿನಿಂದ, ಎಡಬದಿಯಲ್ಲಿ ಹಚ್ಚುವ ಸ್ಟಿಕ್ಕರ್; ಮುಂದಿನ, ಹಿಂದಿನ ಪ್ಲೇಟುಗಳ ಜೊತೆಗೆ ಕಾರಿನ ಮೂರನೇ ಗುರುತು. ಪೆಟ್ರೋಲ್ ಕಾರಿಗೆ ತಿಳಿ ನೀಲಿ, ಡೀಸೆಲ್ ಕಾರಿಗೆ ಕಿತ್ತಳೆ. ಕಿತ್ತರೆ ಹರಿದು ಹಾಳಾಗುವಂತೆಯೇ ಮಾಡಿರುತ್ತಾರೆ. ಹಾಗಾಗಿ ಗಾಜು ಒರೆಸಿ, ಒಂದೇ ಸಲಕ್ಕೆ ಸರಿಯಾಗಿ ಹಚ್ಚಿಸಿ.

ಬ್ರಾಕೆಟ್ ತೆಗೆಯಬೇಕಾಗಿ ಬಂದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ. ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿ, ಮೀನಿನ ಗಾಳದ ನೈಲಾನ್ ದಾರವನ್ನು ಟೇಪಿನ ನಡುವೆ ಗರಗಸದ ಹಾಗೆ ಆಡಿಸಿ. ಫೋಮ್ ಸೀಳಿ ಬ್ರಾಕೆಟ್ ಕೈಗೆ ಬರುತ್ತದೆ. ಬಂಪರಿನಲ್ಲಿ ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿ ಉಂಡೆ ಮಾಡಿ ತೆಗೆಯಬಹುದು.