ಬಸ್ಸಾರು ಮಾಡಿ, ಕಟ್ಟು ಚೆಲ್ಲಬೇಡಿ

ಹೃದಯಕ್ಕೆ ಒಳ್ಳೆಯದು ಅಂತ ಮಾರುವ ಪುಡಿ, ಮಾತ್ರೆಗಳಿಗೆ ಈಗ ಬರವಿಲ್ಲ. ಆದರೆ ಗಿಡಗಳಲ್ಲಿರುವ ಫ್ಲೇವನಾಯ್ಡ್‌ಗಳ ಬಗ್ಗೆ ಆಸೆ ಹುಟ್ಟಿಸಿದ್ದು ಸಾದಾ ಊಟ. ನೆದರ್ಲೆಂಡ್ಸ್‌ನ ಜುಟ್‌ಫೆನ್‌ನಲ್ಲಿ 805 ಹಿರಿಯ ಗಂಡಸರನ್ನು ಗಮನಿಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಟೀ, ಈರುಳ್ಳಿ, ಸೇಬಿನಿಂದ ಫ್ಲೇವನಾಯ್ಡ್ ಜಾಸ್ತಿ ಸಿಗುತ್ತಿದ್ದವರಲ್ಲಿ ಹೃದ್ರೋಗದ ಸಾವು ಕಡಿಮೆ ಇತ್ತು. ಇದೇ ಪಕ್ಕಾ ಪುರಾವೆ ಅಂತಲ್ಲ. ಅಂಥವರ ಬೇರೆ ಅಭ್ಯಾಸಗಳೂ ಚೆನ್ನಾಗಿದ್ದಿರಬಹುದು, ಅಲ್ವಾ?

ಕಾಳು, ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ಸೇರುವ ನಮ್ಮ ಅಡುಗೆ ಬಸ್ಸಾರು. ನಾಲ್ಕು ಜನಕ್ಕೆ ಒಂದು ಲೋಟ ಹಲಸಂದೆ ಕಾಳು, ಎರಡು ಕಂತೆ ದಂಟಿನ ಸೊಪ್ಪು ಸಾಕು.

1. ಕಾಳನ್ನು ರಾತ್ರಿಯೇ ನೆನೆಸಿಡಿ. ಬೆಳಿಗ್ಗೆ ಮುಕ್ಕಾಲು ಭಾಗ ಬೇಯಿಸಿ. ಕಾಳಿನಲ್ಲಿ ಕರಗುವ ನಾರು ಇದೆ. ಇದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕು. ಈ ಲೆಕ್ಕ ಚೆನ್ನಾಗಿ ಸಾಬೀತಾಗಿದೆ.

2. ಕಾಳು ಬೇಯುವಾಗ ಏಳೆಂಟು ಎಸಳು ಬೆಳ್ಳುಳ್ಳಿ ಜಜ್ಜಿ, ಹತ್ತು ನಿಮಿಷ ಸುಮ್ನೆ ಬಿಡಿ. ಬೆಳ್ಳುಳ್ಳಿಯ ಗುಣಕ್ಕೆ ಕಾರಣ ಅನ್ನುವ ಆಲಿಸಿನ್ ಇಡೀ ಎಸಳಿನಲ್ಲಿ ಇರುವುದಿಲ್ಲ. ಜಜ್ಜಿದ ಮೇಲೆ ಆಲಿನ್ ಅನ್ನುವ ವಸ್ತುವಿಗೆ ಒಂದು ಕಿಣ್ವ ಸೇರಿ ಅದು ಹುಟ್ಟುತ್ತದೆ. ಆಗ ಮೂಗಿಗೆ ಅಡರುವ ಘಾಟು ಅದರದೇ. ಎಸಳನ್ನು ಇಡಿಯಾಗಿ ಬಿಸಿ ಎಣ್ಣೆಗೆ ಹಾಕಿದರೆ ಕಿಣ್ವ ಕೆಲಸ ಶುರು ಮಾಡುವ ಮೊದಲೇ ಸತ್ತುಹೋಗುತ್ತದೆ. ಹಾಗಂತ ಬೆಳ್ಳುಳ್ಳಿಯಿಂದ ಪವಾಡ ಬೇಡ. ಬಿಪಿ, ಕೊಲೆಸ್ಟ್ರಾಲ್ ತುಸು ಇಳಿಯಬಹುದು, ಅಷ್ಟೇ.

3. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ. ಹೆಚ್ಚಿದ್ದನ್ನು ಕಾಳಿನ ಪಾತ್ರೆಗೆ ಹಾಕಿ, ಮೆತ್ತಗಾದ ಕೂಡಲೇ ಬಸಿಯಿರಿ. ದಂಟಿನ ಸೊಪ್ಪಿನಲ್ಲಿ ನೈಟ್ರೇಟ್ ತುಂಬ. ಬಾಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಮೈಯಲ್ಲಿ ಅದು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಇದರಿಂದ ರಕ್ತನಾಳ ಸಡಿಲಾಗುತ್ತದೆ, ಬಿಪಿ ಇಳಿಯಲು ಸಹಾಯವಾಗುತ್ತದೆ. ನೈಟ್ರೇಟ್ ನೀರಿನಲ್ಲಿ ಕರಗುವಂಥದ್ದು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದರಲ್ಲಿ ಒಂದು ಪಾಲು ಹೋದ ಹಾಗೆ. ಬಸ್ಸಾರಿನಲ್ಲಿ ಆ ನೀರೇ ಕಟ್ಟು, ಅದೇ ಸಾರು. ಬಸಿದ ಕಾಳು ಸೊಪ್ಪು ಪಲ್ಯಕ್ಕೆ ಆಗುತ್ತದೆ.

4. ಎರಡು ಚಮಚ ಎಣ್ಣೆಯಲ್ಲಿ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಎರಡು ಟೊಮೆಟೊ ಬಾಡಿಸಿ. ಈರುಳ್ಳಿಯ ಒಣ ಸಿಪ್ಪೆ ಮಾತ್ರ ತೆಗೆಯಿರಿ, ಕ್ವೆರ್ಸೆಟಿನ್ ಅನ್ನುವ ಫ್ಲೇವನಾಯ್ಡ್ ಹೊರ ಪದರದಲ್ಲೇ ಜಾಸ್ತಿ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೊಪಿನ್ ಎಣ್ಣೆಯಲ್ಲಿ ಬೆಂದಾಗಲೇ ಚೆನ್ನಾಗಿ ಮೈಗೆ ಹತ್ತುತ್ತದೆ. ಒಣಮೆಣಸಿನಕಾಯಿ, ಧನಿಯಾ, ಜೀರಿಗೆ, ಸ್ವಲ್ಪ ತೆಂಗಿನಕಾಯಿ ಸೇರಿಸಿ ರುಬ್ಬಿ.

5. ಕಟ್ಟಿಗೆ ಮಸಾಲೆ, ಹುಣಸೆರಸ ಹಾಕಿ ಕುದಿಸಿ, ಒಗ್ಗರಣೆ ಕೊಡಿ. ಉಪ್ಪಿನಲ್ಲಿ ಮಾತ್ರ ಕೈ ಹಿಡಿತವಿರಲಿ. ಉಪ್ಪು ಜಾಸ್ತಿಯಾದರೆ ಸೊಪ್ಪಿನಿಂದ ಬಂದ ಲಾಭವನ್ನು ಬಿಪಿ ನುಂಗಿಹಾಕುತ್ತದೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಸಾರವನ್ನೇ ಮಾತ್ರೆ ಮಾಡಿ ನುಂಗಿದರಾಯಿತು ಅನ್ನುವವರಿಗೆ ಫಿನ್ಲೆಂಡ್‌ನ ಪಾಠ ಇದೆ. ಅಲ್ಲಿ ಧೂಮಪಾನಿಗಳಿಗೆ ಕ್ಯಾರೆಟ್, ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನು ಮಾತ್ರೆಯಾಗಿ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, ಶೇ 18ರಷ್ಟು ಹೆಚ್ಚೇ ಆಗಿತ್ತು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಸೊಪ್ಪು ಹೆಚ್ಚಿಸಬೇಡಿ, ಅದರ ವಿಟಮಿನ್ ಕೆ ಔಷಧಿಗೆ ಅಡ್ಡ ಬರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಪೊಟ್ಯಾಷಿಯಂ ಇರುವ ಕಟ್ಟು ಆಗಿಬರದೇ ಇರಬಹುದು. ಇವರಿಬ್ಬರೂ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಪಾತ್ರೆ ಇಡಿ.